ಒಂದೇ ಪೆಟ್ಟಿಗೆಯಲ್ಲಿ ಎರಡು ಒಲೆ

ಕಾಗಿಣಾ ನದಿಯ ದಂಡೆಗುಂಟ ಹಿಂದೆ ಬಹಳ ವೀರರು ಆಗಿಹೋದರು. ಕೆಲವರು ಕೋಟೆ ಕಟ್ಟಿದರು, ಕೆಲವರು ಕೆಡವಿದರು. ಪ್ಲಗ್ಗು ಕಿತ್ತು ಹೆಸರಾದವರು ಮಾತ್ರ ನಮ್ಮ ಲುಂಬಿನಿ ಮೇಡಂ ಒಬ್ಬರೇ. ಏನೋ ಚಂದ ನಡೆದಿದೆ ಎಂದು ಯಾರಾದರೂ ಹೊಗಳಿದರೆ ಸಾಕು, ಅವರ ಕೈ ಅದರ ವೈರಿನ ಕಡೆ ಹೋಗುತ್ತದೆ. ಕಿತ್ತಾಗ ನಿಂತರೆ ಅದು ಖರೆ, ನಿಲ್ಲದಿದ್ದರೆ ಖೊಟ್ಟಿ. ಶಹಾಬಾದಿನ ಒಂದು ಮದುವೆಯಲ್ಲಿ ವರನ ಸೋದರಮಾವ ಕಣ್ಣು ಮುಚ್ಚಿ ಹಾಡುತ್ತಿದ್ದಾಗ ಮೇಡಂ ಮೈಕಿನ ವೈರು ಕಿತ್ತರು. ಮಾವ ಬೆಚ್ಚಿ ಬಾಯಿ ಮುಚ್ಚಿದ. ಹಾಡು ಮಾತ್ರ ಯಾವ ಸಂಕೋಚವೂ ಇಲ್ಲದೆ ಮುಂದಿನ ಚರಣಕ್ಕೆ ಹೋಯಿತು. ವಾಡಿಯಲ್ಲಿರುವ ಮೇಡಂ ಮನೆಗೆ ನೀರಿನ ಫಿಲ್ಟರ್ ಮಾರಲು ಬಂದವನು, ಪ್ಲಗ್ಗು ಕಿತ್ತ ಮೇಲೂ ಅದೇ ನೀರು ಅದೇ ಜೋರಿನಲ್ಲಿ ಬರುವುದನ್ನು ಕಂಡು ಚಹಾ ಕುಡಿಯದೆ ಎದ್ದನಂತೆ.

ಈ ವೀರವನಿತೆ ಚಿತ್ತಾಪುರದ ನಮ್ಮ ಖಾಸಗಿ ಡಿಪ್ಲೊಮಾ ಕಾಲೇಜಿನಲ್ಲಿ ನೆಟ್‌ವರ್ಕ್ ಪಾಠ ಮಾಡುತ್ತಾರೆ. ಅವರ ವೈರ್‌ಲೆಸ್ ಲ್ಯಾಬ್ ಎಂದರೆ ಪರಸಿ ಕಲ್ಲು ಹಾಸಿದ ಒಂದು ಕೋಣೆ ಮತ್ತು ಲಿನಕ್ಸ್ ಹಾಕಿದ ಒಂದೇ ಒಂದು ಹಳೆಯ ಕಂಪ್ಯೂಟರ್. ವೈಫೈ ಸಾಮಾನು ತರುವ ಶಕ್ತಿ ಕಾಲೇಜಿಗಿಲ್ಲ. ಹಾಗಾಗಿ ಆ ಕಂಪ್ಯೂಟರಿನೊಳಗೇ ಎರಡು ಹುಸಿ ವೈಫೈ ಕಾರ್ಡು ಹುಟ್ಟಿಸಿ, ಒಂದಕ್ಕೆ ರೂಟರ್ ವೇಷ, ಇನ್ನೊಂದಕ್ಕೆ ಫೋನಿನ ವೇಷ ಹಾಕಿ, ಇಲ್ಲಿಂದ ಅಲ್ಲಿಗೆ ಡೇಟಾ ಕಳಿಸಿ ವೇಗ ಅಳೆಯುವುದು. ಕಾರ್ಡೂ ಹುಸಿ, ನಡುವಿನ ಗಾಳಿಯೂ ಹುಸಿ. ಜೋಡಿಸುವ ರೀತಿ, ತಪ್ಪಿದರೆ ಕೈಕೊಡುವ ರೀತಿ ಮಾತ್ರ ಅಸಲಿಯದೇ.

ಈ ಲ್ಯಾಬು ನೋಡಲು ಹೊರಗಿನಿಂದ ಒಂದು ತಂಡ ಬರುವುದಿತ್ತು. ಅವರು ಒಪ್ಪದಿದ್ದರೆ ಆ ವಿಷಯವೇ ಬಂದ್, ಕೋಣೆಗೆ ಮುರುಕು ಬೆಂಚು, ಲುಂಬಿನಿ ಮೇಡಂಗೆ ಬೇರೆ ಕಾಲೇಜಿನ ಹುಡುಕಾಟ.

ತಂಡ ಬರುವ ವಾರದಲ್ಲೇ ಜೊತೆಯ ಉಪನ್ಯಾಸಕ ತಾರೀಕರು ವೇಗ ಅಳೆದರು. ಬಂದ ಸಂಖ್ಯೆ ಎಷ್ಟು ದೊಡ್ಡದಿತ್ತೆಂದರೆ, ಅವರು ಮೊದಲು ತಮ್ಮ ಕನ್ನಡಕ ಒರೆಸಿಕೊಂಡರು, ಆಮೇಲೆ ಪರದೆಯನ್ನು. ಇಂಥ ವೈಫೈ ವೇಗ ಇಡೀ ಜಿಲ್ಲೆಯಲ್ಲಿ ಯಾವ ಸಾಹೇಬರ ಮನೆಯಲ್ಲೂ ಇರಲಿಲ್ಲ. ಪ್ರಿನ್ಸಿಪಾಲ್ ಬಸವಂತರಾಯರು ಆ ಸಂಖ್ಯೆಯ ಬ್ಯಾನರ್ ಬರೆಸಲು ಹೇಳಿ, ಮಿರ್ಚಿ ಭಜಿ ತರಿಸಿದರು.

ಲುಂಬಿನಿ ಮೇಡಂ ಸಾವಕಾಶ ಭಜಿ ತಿಂದರು, ಕೈ ಒರೆಸಿಕೊಂಡರು, ಎರಡೂ ಹುಸಿ ಕಾರ್ಡುಗಳ ರೇಡಿಯೊ ಆರಿಸಿಬಿಟ್ಟರು. ಸಂಖ್ಯೆ ಒಂದಿಷ್ಟೂ ಅಲುಗಲಿಲ್ಲ.

ತಾರೀಕರ ಭಜಿ ಅರ್ಧ ದಾರಿಯಲ್ಲಿ ನಿಂತಿತು. "ಮೇಡಂ, ಇದು ಆ ಮದುವಿ ಮನಿ ಹಾಡು ಆತಲ್ರಿ" ಎಂದರು.

"ಒಂದೇ ಒಲಿ ಮ್ಯಾಲ ಉಣ್ಣೋ ಅಣ್ಣತಮ್ಮಂದ್ರು ರೊಟ್ಟಿ ಕೊಡ್ಲಿಕ್ಕೆ ಓಣಿಗಿ ಹೋಗ್ತಾರೇನ್ರಿ? ಒಳಗಿಂದೊಳಗೇ ಕೈಬದಲು ಮಾಡ್ತಾರ. ಈ ಮಷೀನೂ ಹಾಂಗೇ ಮಾಡಾಕತ್ತದ."

ಎರಡೂ ಕಾರ್ಡಿನ ವಿಳಾಸ ತನ್ನವೇ ಎಂದು ಗೊತ್ತಿದ್ದ ಕಂಪ್ಯೂಟರು ಡೇಟಾವನ್ನು ಗಾಳಿಗೆ ಬಿಡುವ ತಂಟೆಗೇ ಹೋಗಿರಲಿಲ್ಲ. ಇದಕ್ಕೆ ಮದ್ದು ಒಂದೇ, ಒಲೆ ಬೇರೆ ಮಾಡುವುದು. ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾಗಬೇಕಾದರೆ ಹಿರಿಯರು ಕೂಡಬೇಕು, ಬಾವಿಯ ಮಾತಿಗೆ ಜಗಳ ಹತ್ತಬೇಕು, ಒಬ್ಬಿಬ್ಬರು ಅತ್ತು ಹೊರಗೆ ಹೋಗಬೇಕು. ಮೇಡಂ ನಾಲ್ಕು ಸಾಲು ಟೈಪು ಮಾಡಿ, ಕಂಪ್ಯೂಟರಿನೊಳಗೆ ನಡುಗೋಡೆ ಎಬ್ಬಿಸಿ, ಒಂದು ಕಾರ್ಡನ್ನು ಆಚೆ ಮನೆಗೆ ಒಯ್ದು ಕೂಡಿಸಿದರು. ಒಂದು ಹನಿ ಕಣ್ಣೀರು ಬೀಳಲಿಲ್ಲ. ಬಿದ್ದದ್ದು ಸಂಖ್ಯೆ. ಕುಂಬಳಕಾಯಿ ಇದ್ದದ್ದು ಸಾಸಿವೆ ಕಾಳಾಯಿತು. ಈಗ ರೇಡಿಯೊ ಆರಿಸಿದರೆ ಅದೂ ಗಪ್ಪನೆ ನಿಂತಿತು, ಮೇಡಂ ಮುಖ ಅರಳಿತು.

ಬಸವಂತರಾಯರ ಮುಖ ಅರಳಲಿಲ್ಲ. ಬ್ಯಾನರ್ ಆಗಲೇ ಬಂದಿತ್ತು. "ಮನಿ ಒಡ್ಯೋದು ಭಾಳ ಪಾಪ ಅದರಿ ಮೇಡಂ. ತಂಡದವರು ಹೋಗೋತನಾ ಆದ್ರೂ ಕೂಡಿಸಿ ಇಡ್ರಿ."

"ಕೂಡಸಂಗಿಲ್ರಿ ಸರ್. ಕೋಣಿ ಹೋದ್ರ ಹೋಗ್ಲಿ."

ಬಸವಂತರಾಯರು ಓಲೈಸಿದರು, ಗದರಿಸಿದರು, ಮುರುಕು ಬೆಂಚುಗಳ ನೆನಪು ಮಾಡಿಕೊಟ್ಟರು. ಸೇಡಂ ಕಡೆ ಒಂದು ಕಾಲೇಜಿನವರು ಇದಕ್ಕಿಂತ ದೊಡ್ಡ ಸಂಖ್ಯೆ ಗೋಡೆಗೆ ಹಾಕಿಕೊಂಡು ಕುಂತಿದ್ದಾರೆ ಎಂದರು. ಸಂಜೆಯ ಬಸ್ಸಿಗೆ ಹೋಗಿ ಅದನ್ನೂ ಕಿತ್ತು ಬರಲು ತಾವು ತಯಾರು ಎಂದು ಮೇಡಂ ತಿಳಿಸಿದರು.

ತಂಡ ಬಂತು. ಮುಖ್ಯಸ್ಥರು ಆನಂದತೀರ್ಥ ಎಂಬ ನರೆಗೂದಲ ಪ್ರೊಫೆಸರರು, ಮಾತು ಕಡಿಮೆ. ಲುಂಬಿನಿ ಮೇಡಂ ಬ್ಯಾನರಿನ ಕೆಳಗೇ ನಿಂತು, ಎರಡೂ ಕಾರ್ಡನ್ನು ಒಂದೇ ಮನೆಯಲ್ಲಿಟ್ಟು ಬ್ಯಾನರಿನ ಸಂಖ್ಯೆಯನ್ನೇ ಮೊದಲು ತಂದು ತೋರಿಸಿ, ರೇಡಿಯೊ ಆರಿಸಿ, ಅದು ಖೊಟ್ಟಿ ಎಂದು ಸಾಬೀತು ಮಾಡಿದರು. ಬಸವಂತರಾಯರು ಮೇಲಿನ ಫ್ಯಾನು ನೋಡತೊಡಗಿದರು. ಆಮೇಲೆ ಮೇಡಂ ಮನೆ ಒಡೆದು ಸಾಸಿವೆ ಕಾಳು ತೋರಿಸಿದರು.

"ಅಂದ್ರ ವೈಫೈನ ನಿಜವಾದ ವೇಗ ಇದು?" ಎಂದು ಆನಂದತೀರ್ಥರು ಕೇಳಿದರು.

ದೇವರೇ ಬಾಗಿಲು ತೆರೆದಂತಿತ್ತು. ಹೌದು ಎಂದರೆ ಮುಗಿಯಿತು, ಕೋಣೆ ಉಳಿಯಿತು. ಬಸವಂತರಾಯರು ಮೇಡಂ ಪರವಾಗಿ ತಾವೇ ಜೋರಾಗಿ ತಲೆಯಾಡಿಸಿದರು.

"ಇದೂ ಅಲ್ರಿ" ಎಂದರು ಮೇಡಂ. "ಇದರಾಗ ಗ್ವಾಡಿ ಇಲ್ಲ, ದೂರ ಇಲ್ಲ, ಖರೆ ಗಾಳಿನೇ ಇಲ್ಲ. ಇದು ಬರೇ ಈ ಹಳೇ ಮಷೀನಿನ ಕಸುವು. ವೇಗದ ಮಾತು ಇಲ್ಲಿ ಕೇಳಬ್ಯಾಡ್ರಿ. ಜೋಡಣಿ ಸರಿ ಅದನೋ ಇಲ್ಲೋ, ಅದಷ್ಟೇ ಇಲ್ಲಿ ತಿಳೀತದ."

ಬಸವಂತರಾಯರು ಸಿಕ್ಕ ಕುರ್ಚಿಯಲ್ಲಿ ಕುಂತರು. ಆನಂದತೀರ್ಥರು ಕೀಬೋರ್ಡ್ ತಮ್ಮ ಕಡೆ ಎಳೆದುಕೊಂಡು ತಾವೇ ರೇಡಿಯೊ ಆರಿಸಿದರು, ಹಚ್ಚಿದರು, ಮತ್ತೆ ಆರಿಸಿದರು. ಜೊತೆಗೆ ಬಂದವರು ಹಸಿವಿಗೆ ಚಡಪಡಿಸಿದರೂ ಬಿಡಲಿಲ್ಲ. ಕೊನೆಗೆ ಲ್ಯಾಬು ಇರಲಿ, ವಿಷಯವೂ ಇರಲಿ ಎಂದು ಎದ್ದರು.

ಊಟದ ಹೊತ್ತಿಗೆ ಬಸವಂತರಾಯರು ತಾವು ಮೊದಲಿನಿಂದಲೂ ಮೇಡಂ ಪಕ್ಷವೇ ಎಂಬ ನಂಬಿಕೆಗೆ ಬಂದಿದ್ದರು. ಎದ್ದು ನಿಂತು ಭಾಷಣ ಮಾಡಿದರು. ಸತ್ಯಕ್ಕಾಗಿ ಅನ್ನ ಪಣಕ್ಕಿಟ್ಟ ಸಿಂಹಿಣಿ ಎಂದರು, ಇಡೀ ಕಾಲೇಜು ಎದುರು ನಿಂತರೂ ಬಗ್ಗದ ಶಿರ ಎಂದರು. ಇಂಥ ಆತ್ಮಬಲ ಎಲ್ಲಿಂದ ಬಂತು, ನಾಲ್ಕು ಮಾತು ಹೇಳಬೇಕು ಎಂದು ಮೇಡಂ ಕಡೆ ಕೈ ಚಾಚಿದರು.

ಲುಂಬಿನಿ ಮೇಡಂ ಎದ್ದರು.

"ಬಲ ಗಿಲ ಏನಿಲ್ರಿ ಸರ್. ಎರಡೂ ಕಾರ್ಡು ಒಂದೇ ಮನ್ಯಾಗ ಇಟ್ರ ಹುಡುಗ್ರು ವೈಫೈ ಪಾಸ್‌ವರ್ಡ್ ತಪ್ಪು ಹಾಕಿದ್ರೂ ಡೇಟಾ ಒಳಗಿಂದೊಳಗೇ ಹೋಗಿ ನಡೀತದ. ಪ್ರಾಕ್ಟಿಕಲ್‌ಗೆ ಮಾರ್ಕ್ಸ್ ಹ್ಯಾಂಗ ಹಾಕ್ಲಿ?"