ಡೀಲಿಯಾಳ ಖಾಲಿ ಬಾಟಲಿಗಳು
1908ರಲ್ಲಿ ಅಮೆರಿಕದ ನಮ್ಮ ಟೊಲೀಡೊ ಊರಿನ ಬೇಸ್‌ಬಾಲ್ ಮೈದಾನದಲ್ಲಿ ಡೀಲಿಯಾಳ ಪಕ್ಕ ಕೂತವರಿಗೆ ನೆಮ್ಮದಿಯಾಗಿ ಸೋಡಾ ಕುಡಿಯಲಾಗುತ್ತಿರಲಿಲ್ಲ. ಆಟ ಸಪ್ಪೆಯಾಗಿದ್ದರೆ ಆಕೆ ಸುಮ್ಮನೆ ಕಡಲೆಕಾಯಿ ಬಿಡಿಸುತ್ತಿದ್ದಳು. ಎರಡೂ ತಂಡ ಸಮಸಮ ಬಂದವೆಂದರೆ ಕಡಲೆಕಾಯಿ ಬದಿಗಿಟ್ಟು ಎದ್ದುಬಿಡುತ್ತಿದ್ದಳು. ಕಣ್ಣೆಲ್ಲ ನಮ್ಮ ಕೈಗಳ ಮೇಲೆ. "ಕುಡ್ದಾಯ್ತಾ ಅಣ್ಣ? ಖಾಲಿ ಬಾಟ್ಲಿ ಇತ್ಲಾಗ್ ಕೊಡಿ" ಎಂದು ಸಾಲುಸಾಲು ಅಲೆದು, ಎಲ್ಲವನ್ನೂ ಲಂಗದ ಮರೆಯಲ್ಲಿ ಗುಡ್ಡೆ ಹಾಕುತ್ತಿದ್ದಳು. "ಈಯಮ್ಮ ಸೋಡಾ ಫ್ಯಾಕ್ಟರಿ ಇಡ್ತಾಳೆ ಕಣೋ" ಎಂದು ನಾವು ನಗುತ್ತಿದ್ದೆವು. ನಾವು ಅಂಪೈರನ್ನು ಬೈದರೆ ಆಕೆ ನಮಗಿಂತ ಜೋರಾಗಿ "ಕುರುಡ" ಎನ್ನುತ್ತಿದ್ದಳು. ಆ ಶನಿವಾರ ಕೊನೆಯ ಇನಿಂಗ್ಸ್‌ನಲ್ಲಿ ನಾವು ಒಂದೇ ರನ್ ಹಿಂದಿದ್ದೆವು. ನಮ್ಮ ಓಟಗಾರ ಸಮ ಮಾಡುವ ರನ್ನಿಗಾಗಿ ಧೂಳೆಬ್ಬಿಸಿ ಜಾರಿಬಂದ. ಅಂಪೈರ್ ಔಟ್ ಕೊಟ್ಟ, ಆಟ ಮುಗಿಯಿತು. ಎಂದಿನಂತೆ ಅವನತ್ತ ಎಸೆಯಲು ಕಾಲಬುಡದಲ್ಲಿ ಬಾಟಲಿಗಾಗಿ ತಡಕಿದೆವು, ಒಂದೂ ಸಿಗಲಿಲ್ಲ. ಅಂಪೈರ್ ಟೋಪಿ ತೆಗೆದು ನಮ್ಮ ಸಾಲಿನ ಮುಂದೆ ನಿಂತ. "ಡೀಲಿಯಾ, ಮನೆಗೆ ಹೋಗೋಣ ಬಾರೇ" ಎಂದ.