ಪಂಪಮ್ಮ ಕೇಳಿದ ಕಾಗದ

ಯುಗಾದಿಗೆ ಹದಿನೈದು ದಿನ ಇರುವಾಗ ರಾಯದುರ್ಗದ ಅಂಚಿನ ಒಂದು ವೃದ್ಧಾಶ್ರಮದಲ್ಲಿ ಪಂಪಮ್ಮ ಎಂಬ ಹೆಂಗಸು ಕಾಗದ ಕೇಳಿದರು. ಮನೆಗೆ ಬಿಡುವ ಕಾಗದ. ಅವರ ಕೈಗೆ ಬಂದದ್ದು ಹಸಿರು ಗ್ಲೇಜ್ ಕಾಗದ, ಜೊತೆಗೊಂದು ಮೊಂಡು ಕತ್ತರಿ.

ಪಂಪಮ್ಮನಿಗೆ ಅರವತ್ತೆಂಟು. ಕಣೇಕಲ್ಲಿನ ಬಸ್ ನಿಲ್ದಾಣದ ಹಿಂದೆ ಒಂದು ಬಾಡಿಗೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಜೋಳದ ರೊಟ್ಟಿ ಬಡಿದು ಮಾರಿದವರು. ಗಂಡ ಇಲ್ಲ, ಮಕ್ಕಳಿಲ್ಲ. ಅದಕ್ಕೆ ಯಾರೂ ಅಯ್ಯೋ ಅನ್ನಬೇಕಾಗಿಲ್ಲ, ಅವರೇ ಅಂದವರಲ್ಲ. ದೀಪಾವಳಿ ಹೊತ್ತಿಗೆ ಬಚ್ಚಲಲ್ಲಿ ಜಾರಿ ಕಾಲು ಮುರಿಯಿತು. “ಎಲುಬು ಕೂಡೋತನಕ ಇರು ದೊಡ್ಡವ್ವ, ಎರಡು ತಿಂಗಳು ಅಷ್ಟ” ಎಂದು ತಂಗಿಯ ಮಗ ತಿಪ್ಪೇಶ ಇಲ್ಲಿ ಸೇರಿಸಿ ಹೋದ. ಎಲುಬು ಮಾತಿಗೆ ತಪ್ಪದೆ ಕೂಡಿತು. ತಿಪ್ಪೇಶ ಬರಲಿಲ್ಲ.

ಕೋಣೆಯ ಒಡತಿ ವಿಜಯಲಕ್ಷ್ಮಿ ಕೆಟ್ಟವರಲ್ಲ. ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ಕೋಣೆ ಬೇರೆಯವರಿಗೆ ಎಂದು ಹೇಳಿ ಕಳಿಸಿದ್ದರು. ಹಾಗಾಗಿ ಆ ಬೆಳಿಗ್ಗೆ ಆಶ್ರಮದ ಪಡಸಾಲೆಯಲ್ಲಿ ಯಾರೋ ಹುಡುಗಿ ಮೇಜಿನ ಮೇಲೆ ಕಾಗದ ಹರವಿಕೊಂಡು ಹೆಸರು ಬರೆದುಕೊಳ್ಳುವುದನ್ನು ನೋಡಿದ್ದೇ ತಡ, ಪಂಪಮ್ಮ ಕೋಲೂರುತ್ತ ಹೋಗಿ ನಿಂತರು.

“ಯವ್ವಾ, ನಂದೊಂದು ಕಾಗದ ಐತಿ. ಮಾಡಿಕೊಡ್ತಿಯೇನು?”

“ಬರ್ರಿ ಅಮ್ಮಾ, ಕುಂದರ್ರಿ. ಯಾವ ಬಣ್ಣದ್ದು ಕೊಡ್ಲಿರಿ?”

ಹುಡುಗಿಯ ಹೆಸರು ತ್ರಿವೇಣಿ. ಹಬ್ಬಕ್ಕೆ ಮುದುಕರಿಂದ ಕಾಗದದ ತೋರಣ, ಬೇವಿನ ಹೂವು, ಗಿಣಿ ಮಾಡಿಸಲು ಕರೆಸಿದ್ದ ಟೀಚರ್. ಅದು ಪಂಪಮ್ಮನಿಗೆ ಗೊತ್ತಿಲ್ಲ. ರೇಷನ್ ಕಾರ್ಡಿಗೇ ಬಣ್ಣ ಇರುವಾಗ ಈ ಕಾಗದಕ್ಕೂ ಇರಬಹುದು ಎಂದುಕೊಂಡರು.

“ಯಾವದಾದ್ರೂ ಆತವ್ವ, ಲಗೂನ ಆಗ್ಲಿ.”

ಹಸಿರು ಹಾಳೆ ಬಂತು, ಮಾವಿನೆಲೆ ಕತ್ತರಿಸಿರಿ ಎಂಬ ಮಾತೂ ಬಂತು. ಇಲ್ಲಿ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡಿಸುತ್ತಾರೆ, ಮಾತ್ರೆಗೆ ಮುಂಚೆ ಸಾಲು ನಿಲ್ಲಿಸುತ್ತಾರೆ. ಮನೆಗೆ ಬಿಡುವ ಮುಂಚೆ ಎಲೆ ಕತ್ತರಿಸಬೇಕೇನೋ! ಪಂಪಮ್ಮ ಹಾಳೆಯನ್ನು ಎರಡಾಗಿ ಮಡಚಿ, ಅರ್ಧ ಎಲೆ ಕತ್ತರಿಸಿ, ಬಿಚ್ಚಿ, ನಡುನರವನ್ನು ಉಗುರಿನಿಂದ ಒತ್ತಿದರು. ರೊಟ್ಟಿಯ ಅಂಚು ಸರಿಮಾಡುವ ಕೈ ಅದು. ಮೈದಾ ಅಂಟು ಸವರಿ ದಾರಕ್ಕೆ ಹಚ್ಚಿದರೆ ನಿಜವಾದ ಮಾವಿನೆಲೆಯೇ ನಾಚಬೇಕು. ಉಳಿದವರು ಮೂರು ಮುಗಿಸುವಷ್ಟರಲ್ಲಿ ಅವರದು ಹದಿನೆಂಟು.

ಎದುರಿಗೆ ಕೂತಿದ್ದ ಮೂಕಪ್ಪ ಕೇಳಿದರು: “ಏನಬೇ, ರೈಲು ತಪ್ಪತೈತೇನು ನಿನಗ?”

“ಮುಗಿಸಿ ಊರಿಗೆ ಹೋಗಬೇಕಲ್ಲಪ.”

ಮೂಕಪ್ಪ ಬಿದ್ದು ಬಿದ್ದು ನಕ್ಕರು. “ಇದು ಮುಗಿದ್ರ ಬಿಡ್ತಾರಂತ ತಿಳದೀಯಾ? ಹೋದ ಯುಗಾದಿಗೆ ನಾನು ನೂರು ಗಿಣಿ ಮಾಡೀನಿ. ಒಂದರ ಹಾರಿತಾ ಕೇಳು!”

ಪಕ್ಕದ ಗಂಗಕ್ಕನೂ ನಕ್ಕರು. ಪಂಪಮ್ಮನಿಗೆ ಅರ್ಥವಾಗಿ, ಅವರೂ ನಕ್ಕುಬಿಟ್ಟರು. ಅದೇ ಗಳಿಗೆಯಲ್ಲಿ ಆಶ್ರಮದ ಮ್ಯಾನೇಜರ್ ಚಂದ್ರಶೇಖರಯ್ಯ ಫೋಟೋ ಹೊಡೆದರು.

ಕಾಗದ ಮಡಚುವುದರಲ್ಲಿ ತಪ್ಪೇನಿಲ್ಲ. ವಾರಗಟ್ಟಲೆ ಮಾತಾಡದ ಗಂಗಕ್ಕ ಅವತ್ತು ಬೇವಿನ ಹೂವು ಕತ್ತರಿಸುತ್ತ ತನ್ನ ಅತ್ತೆಯನ್ನು ಬಾಯ್ತುಂಬ ಬೈದರು, ಮುಖ ಕಳೆಕಳೆಯಾಯಿತು. ಅದು ಸುಳ್ಳಲ್ಲ. ಆದರೆ ಜೀವಮಾನವೆಲ್ಲ ಕುಡುಗೋಲು ಹಿಡಿದ ಕೈಗೆ ಮೊನೆ ಇಲ್ಲದ ಮಕ್ಕಳ ಕತ್ತರಿ ಕೊಟ್ಟು, ಒಂದು ಎಲೆಗೊಮ್ಮೆ ಚಪ್ಪಾಳೆ ತಟ್ಟಿ, ಕೊನೆಗೆ ಕತ್ತರಿಗಳನ್ನು ಎಣಿಸಿ ಕಪಾಟಿಗೆ ಬೀಗ ಹಾಕುವವರು ಯಾರನ್ನು ಏನೆಂದು ತಿಳಿದಿದ್ದಾರೆ? ಗೇಟಿನಾಚೆ ನೂರು ಹೆಜ್ಜೆಗೆ ಬೇವಿನ ಮರ ಹೂ ಬಿಟ್ಟು ನಿಂತಿದೆ. ಅಲ್ಲಿಗೆ ಯಾರನ್ನೂ ಕರೆದೊಯ್ಯುವುದಿಲ್ಲ. ದಾನಿಗಳು ಬರುವವರೆಗೆ ಬಾಡದೆ ಇರುವುದು ಕಾಗದದ ಹೂವೇ ತಾನೆ.

ಮರುದಿನ ಪಂಪಮ್ಮ ನೇರವಾಗಿ ಆಫೀಸಿಗೆ ಹೋದರು.

“ಅಯ್ಯನೋರ, ಕಾಲು ನೆಟ್ಟಗಾಗೈತಿ. ನನ್ನ ಬಿಡ್ರಿ.”

“ಸೇರಿಸಿದವರು ಬಂದು ಸೈನ್ ಹಾಕಬೇಕಮ್ಮ. ರೂಲ್ಸು.”

“ಫೋನ್ ಹಚ್ರಿ ಅವನಿಗೆ.”

“ಹಚ್ಚೋದ್ಯಾಕ? ನಿನ್ನೆನೇ ಫೋಟೋ ಕಳಿಸೀನಿ, ನೋಡು ಏನಂದಾನ.” ಮ್ಯಾನೇಜರ್ ಮೊಬೈಲಿನಿಂದ ಓದಿ ಹೇಳಿದರು: “ದೊಡ್ಡವ್ವ ನಕ್ಕಿದ್ದು ನೋಡಿ ಭಾಳ ಖುಷಿ ಆತ್ರಿ. ಮನಿಯಾಗ ಒಂದಿನಾನೂ ಹಿಂಗ ಇರಲಿಲ್ಲ. ಅಲ್ಲೇ ಇರಲಿ.”

ಮೂಕಪ್ಪನ ಗಿಣಿಗೆ ನಕ್ಕ ನಗು ಕಣೇಕಲ್ಲಿಗೆ ಹೋಗಿ ಒಪ್ಪಿಗೆಯಾಗಿತ್ತು.

ಅಂದಿನಿಂದ ಪಂಪಮ್ಮ ಕತ್ತರಿ ಮುಟ್ಟಲಿಲ್ಲ, ನಗಲಿಲ್ಲ. ಪಡಸಾಲೆಯಲ್ಲಿ ಕೈ ಮಡಿಲಲ್ಲಿಟ್ಟು ಕೂತರು. ನಾಲ್ಕನೆಯ ದಿನ ಮ್ಯಾನೇಜರ್ ಬಂದು ಮುಖ ನೋಡಿದರು. “ಯಾಕೋ ಮಂಕಾಗೀಯಮ್ಮ. ಈ ಸ್ಥಿತೀಲಿ ಹೊರಗೆ ಬಿಡೋದು ಹೆಂಗ? ಡಾಕ್ಟರಿಗೆ ತೋರಿಸೋಣ.” ನಕ್ಕರೆ ಇಲ್ಲಿ ಸುಖವಾಗಿದ್ದಾರೆ, ನಗದಿದ್ದರೆ ಹುಷಾರಿಲ್ಲ. ಎರಡಕ್ಕೂ ಒಂದೇ ಗೇಟು, ಅದು ಒಳಗಿನಿಂದ ಬೀಗ ಹಾಕಿದ್ದು. ತನ್ನ ಅನ್ನ ತಾನೇ ದುಡಿದು ತಿಂದ ಹೆಂಗಸನ್ನು ತಂಗಿಯ ಮಗನ ಸಹಿ ಇಲ್ಲದೆ ಹೊರಗೆ ಬಿಡಬಾರದೆಂದು ಯಾವ ಕಾನೂನು ಹೇಳುತ್ತದೆ? ಆ ಆಫೀಸಿನಲ್ಲಿ ಯಾರೂ ಕೇಳಿಲ್ಲ.

ತ್ರಿವೇಣಿಗೆ ನಿಜ ಗೊತ್ತಾದದ್ದು ಹಬ್ಬಕ್ಕೆ ಎರಡು ದಿನ ಮುಂಚೆ, ಮೂಕಪ್ಪನ ಬಾಯಿಂದ. ಹುಡುಗಿ ಪಂಪಮ್ಮನ ಹತ್ತಿರ ಓಡಿಬಂದಳು. “ನೀವು ಕಾಗದ ಅಂದ್ರಲ್ಲ ಅಮ್ಮಾ, ನಾನು...” ಎಂದವಳೇ ಕೈಗೆ ಸಿಕ್ಕ ಗುಲಾಬಿ ಹಾಳೆಯಲ್ಲೇ ಅರ್ಜಿ ಬರೆದಳು: ನನ್ನ ಆರೋಗ್ಯ ಸರಿಯಾಗಿದೆ, ನನ್ನ ಇಷ್ಟದಿಂದ ಹೋಗುತ್ತಿದ್ದೇನೆ. ಪಂಪಮ್ಮ ಕೆಳಗೆ ಹೆಸರು ಬರೆದರು.

ಮ್ಯಾನೇಜರ್ ಅದನ್ನು ಎರಡು ಬೆರಳಲ್ಲಿ ಹಿಡಿದರು. “ಇದೇನಮ್ಮ ಟೀಚರು, ಲಗ್ನಪತ್ರಿಕೆನಾ? ನೀವು ಕಲಿಸಾಕ ಬಂದೀರಿ, ಕಲಿಸ್ರಿ.”

ತ್ರಿವೇಣಿ ಹೊರಗೆ ಬಂದು ತನ್ನ ಫೋನಿನಿಂದಲೇ ವಿಜಯಲಕ್ಷ್ಮಿಗೆ ಹಚ್ಚಿ ಪಂಪಮ್ಮನ ಕಿವಿಗಿಟ್ಟಳು.

“ಲಕ್ಷ್ಮವ್ವಾ, ನಾನು ಪಂಪಮ್ಮ. ಇನ್ನೊಂದು ಎಂಟು ದಿನ ತಡೀತಿಯಾ?”

“ನಿನ್ನ ತಿಪ್ಪೇಶ ಫೋಟೋ ತೋರಿಸಿದ ಪಂಪಕ್ಕಾ. ನಗಾಕತ್ತಿದ್ದಿ. ಇನ್ನ ಬರಂಗಿಲ್ಲ ಅಂದ. ನಿನ್ನೆ ಓಬಮ್ಮಗ ಕೋಣಿ ಕೀಲಿ ಕೊಟ್ಟೀನಿ.”

“ಒಲಿ ಹಚ್ಚಿದಳೇನು?”

“ಹಚ್ಚಿದಳು.”

ಪಂಪಮ್ಮ ಕೋಲನ್ನು ಗೋಡೆಗೆ ಒರಗಿಸಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಹಿಂದಿನ ಕಿಟಕಿ ತೆಗಿಯಂತ ಹೇಳವ್ವ ಆಕಿಗೆ. ಇಲ್ಲಾಂದ್ರ ಹೊಗಿ ಒಳಗ ನಿಲ್ಲತೈತಿ, ಕಣ್ಣು ಹೋಗ್ತಾವ. ಅದರ ಅಗಳಿ ಬಿಗಿ ಐತಿ. ಮ್ಯಾಲೆತ್ತಿ ಎಳೀಬೇಕು.”