ಕಿರುಬೆರಳಿನ ಜಾಗ

ಮಗಳು ವಾದ ಮಾಡಿ ಮಾಡಿ ಸುಸ್ತು ಹೊಡೆಸಿ ಅಂಕಲ್ ಕೈಯಲ್ಲಿ ಪತ್ರ ಬರೆಸಿಕೊಂಡಳು ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ. ದೇವಸ್ಥಾನದ ಊಟದ ಸಾಲಿನಲ್ಲಿ ಅನ್ನದ ಜೊತೆ ಈ ಕಥೆಯನ್ನೂ ಬಡಿಸಿಕೊಂಡು ಹೋಗುತ್ತಾಳೆ. ಕೇಳಲು ನನಗೂ ಹಿತವೇ. ಆದರೆ ಅವತ್ತು ಅಮ್ಮ ಅಲ್ಲಿರಲಿಲ್ಲ, ನಾನಿದ್ದೆ. ಆ ವಾದವನ್ನು ನಾನು ಗೆದ್ದಿಲ್ಲ.

೨೦೧೮ರ ಬೇಸಗೆ. ಕೆನಡಾದ ವಿಟ್ಬಿ ಊರಿನಲ್ಲಿ ಅಪ್ಪ ಅಮ್ಮನ ಜೊತೆಗಿದ್ದೆ. ಐಸಿಯು ನರ್ಸ್ ಆಗಿ ಮೂರನೇ ವರ್ಷ. ಆಪರೇಷನ್ನಿಗೆ ಅರಿವಳಿಕೆ ಕೊಟ್ಟು, ಮುಗಿಯುವವರೆಗೆ ರೋಗಿಯ ಉಸಿರು ಕಾಯುವುದು ಕೆನಡಾದಲ್ಲಿ ಡಾಕ್ಟರುಗಳ ಕೆಲಸ. ಗಡಿಯಾಚೆ ಅಮೆರಿಕದಲ್ಲಿ ಅದಕ್ಕೆಂದೇ ಓದಿದ ನರ್ಸ್‌ಗಳೂ ಮಾಡುತ್ತಾರೆ, ಮತ್ತು ಆ ಓದಿಗೆ ಅಲ್ಲಿ ಡಾಕ್ಟರೇಟ್ ಕೊಡತೊಡಗಿದ್ದರು. ನನಗೆ ಅದೇ ಬೇಕಿತ್ತು. ಅರ್ಜಿಗೆ ಮೂರು ಶಿಫಾರಸು ಪತ್ರಗಳು. ಎರಡು ನನ್ನ ಆಸ್ಪತ್ರೆಯಿಂದಲೇ ಸಿಕ್ಕಿದ್ದವು. ಮೂರನೆಯದನ್ನು ಅರಿವಳಿಕೆಯಲ್ಲೇ ದುಡಿದವರು ಬರೆಯಬೇಕು. ಇಲ್ಲದಿದ್ದರೆ ಅರ್ಜಿಯೇ ಇಲ್ಲ.

ನನಗೆ ಗೊತ್ತಿದ್ದವರು ಒಬ್ಬರೇ, ಈ ಅಂಕಲ್. ಅಪ್ಪನ ಹಳೆಯ ಸ್ನೇಹಿತರು, ಹುಬ್ಬಳ್ಳಿ ಕಡೆಯವರು, ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದ ಅರಿವಳಿಕೆ ಡಾಕ್ಟರು. ನಿವೃತ್ತಿಗೆ ಮುಂಚೆ ನನ್ನನ್ನು ಎರಡು ಸಲ ಆಪರೇಷನ್ ಥಿಯೇಟರಿನೊಳಗೆ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು. ತಮಗೆ ಈ ವಿದ್ಯೆ ಕಲಿಸಿದ ಪ್ರೊಫೆಸರರ ಕಥೆಯನ್ನು ಪ್ರತಿ ಯುಗಾದಿ ಕೂಟದಲ್ಲೂ ತಪ್ಪದೆ ಹೇಳುತ್ತಿದ್ದರು.

ನಾನು ಹೋಗಿ ಕೇಳುವ ಮೊದಲೇ ಅಮ್ಮ ಕೆಲಸ ಕೆಡಿಸಿದ್ದಳು. ‘ಡಾಕ್ಟರೇಟ್’ನ ಬಾಲ ಕತ್ತರಿಸಿ, ‘ಮಗಳು ಡಾಕ್ಟರ್ ಆಗ್ತಾಳೆ’ ಎಂದು ದೇವಸ್ಥಾನದಲ್ಲಿ ಸಾರಿಬಿಟ್ಟಿದ್ದಳು.

ರಿಚ್ಮಂಡ್ ಹಿಲ್‌ನ ಅವರ ಮನೆ ಬಾಗಿಲಲ್ಲೇ ಅಂಕಲ್ ಶುರುಮಾಡಿದರು. “ಬರ್ರಿ ಡಾಕ್ಟರ್ ಸಾಹೇಬ್ರ. ಪೇಷಂಟ್ ಒಳಗ ಕಾಯಾಕತ್ತಾರ.”

“ಅದು ಅಮ್ಮನ ಎಡಿಟಿಂಗು, ಅಂಕಲ್. ನಾನು ಹಂಗಂದಿಲ್ಲ.”

“ಶೂ ಬಿಚ್ಚಿ ಬಾ. ಮಂಪರು ಕೊಡೂದು ನರ್ಸಿನ ಕೆಲಸ ಅಲ್ಲ ನೋಡು. ಏನರ ಹೆಚ್ಚುಕಡಿಮಿ ಆದ್ರ?”

ಎದುರಾಳಿಯ ವಾದವನ್ನು ಮೊದಲು ಅವನಿಗಿಂತ ಚೆನ್ನಾಗಿ ಮಂಡಿಸು ಎಂದು ಹೈಸ್ಕೂಲಿನ ಡಿಬೇಟ್ ತಂಡದಲ್ಲಿ ಕಲಿಸಿದ್ದರು. “ನಿಮ್ಮ ಪಾಯಿಂಟನ್ನ ಇನ್ನೂ ಸ್ಟ್ರಾಂಗ್ ಮಾಡ್ತೀನಿ, ಅಂಕಲ್. ಎಲ್ಲ ಸರಿಯಿದ್ದಾಗ ಯಾರು ಬೇಕಾದ್ರೂ ಮಾಡಬಹುದು. ಕೆಡೋ ಎರಡು ನಿಮಿಷಕ್ಕೋಸ್ಕರ ಅಷ್ಟು ವರ್ಷದ ಓದು. ಅದೇ ತಾನೆ?”

“ಹಾಂ, ಅದ.”

“ಐಸಿಯುನಲ್ಲಿ ಆ ಎರಡು ನಿಮಿಷ ಬೆಡ್ ಪಕ್ಕ ಇರೋದು ಯಾರು? ಡಾಕ್ಟರು ಓಡಿ ಬರೋ ತನಕ ಮಾಸ್ಕ್ ಹಿಡಿದು ಉಸಿರು ಕೊಡೋದು ಯಾರು?”

ಆಂಟಿ ಅವಲಕ್ಕಿ ತಂದಿಟ್ಟರು. “ಈಕಿಗೆ ಮಂಪರಿನ ಔಷಧ ಯಾಕ ಬೇಕು? ಮಾತಾಡೇ ಪೇಷಂಟ್‌ನ ಮಲಗಿಸ್ತಾಳ.”

ಅಂಕಲ್ ನಗಲಿಲ್ಲ. “ಮಾಸ್ಕ್ ಹಿಡೀಲಿಕ್ಕೆ ಬರ್ತದ? ತೋರಿಸು,” ಎಂದು ಸೋಫಾದ ಮೇಲೆ ಅಂಗಾತ ಮಲಗಿಯೇಬಿಟ್ಟರು. ಎಪ್ಪತ್ತು ದಾಟಿದ ಮನುಷ್ಯ, ಟ್ರ್ಯಾಕ್ ಪ್ಯಾಂಟು, ಕಾಲಲ್ಲಿ ಉಣ್ಣೆ ಸಾಕ್ಸು. ಮಾಸ್ಕಿಗೆ ಬದಲಾಗಿ ಆಂಟಿ ಒಂದು ಸ್ಟೀಲ್ ಬಟ್ಟಲು ಕೊಟ್ಟರು. ನಾನು ತಲೆಯ ಹಿಂದೆ ನಿಂತು ಅದನ್ನು ಅವರ ಮೂಗು-ಬಾಯಿಯ ಮೇಲೆ ಮಗುಚಿ ಒತ್ತಿದೆ.

“ತಪ್ಪು,” ಎಂದಿತು ಬಟ್ಟಲೊಳಗಿನ ದನಿ. “ಒತ್ತಬ್ಯಾಡ. ಮುಖಾನ ಮಾಸ್ಕಿಗೆ ಎತ್ತು. ಕಿರುಬೆರಳು ದವಡಿ ಮೂಲ್ಯಾಗ, ಕಿವಿ ಕೆಳಗ. ಮಲಗಿದ ಕೂಸಿನ ತಲಿ ಎತ್ತಿದಂಗ ಎತ್ತಬೇಕಂತ ಸಿಸ್ಟರ್ ದಿನಾ ಬೈತಿದ್ರು...”

ನಾನು ಬಟ್ಟಲು ತೆಗೆದೆ.

“ಯಾವ ಸಿಸ್ಟರ್, ಅಂಕಲ್?”

ಅಂಕಲ್ ಎದ್ದು ಕೂತರು. ಹೇಳಲೋ ಬೇಡವೋ ಎಂಬಂತೆ ಒಂದು ಚಮಚ ಅವಲಕ್ಕಿ ತಿಂದು, ಆಮೇಲೆ ಹೇಳಿದರು. ಓದು ಮುಗಿಸಿ ಮೊದಲು ಸೇರಿದ್ದು ಒಂದು ತಾಲ್ಲೂಕು ಆಸ್ಪತ್ರೆ. ಅವರು ಹೋಗುವವರೆಗೂ ಅಲ್ಲಿ ಅರಿವಳಿಕೆ ಡಾಕ್ಟರೇ ಇರಲಿಲ್ಲ. ರೋಗಿಯ ಮುಖದ ಮೇಲಿನ ಬಟ್ಟೆಗೆ ಮಂಪರು ತರುವ ಈಥರನ್ನು ಹನಿಹನಿಯಾಗಿ ಬಿಟ್ಟು, ದವಡೆ ಹಿಡಿದು ಕೂರುತ್ತಿದ್ದದ್ದು ಥಿಯೇಟರಿನ ನರ್ಸು.

“ಪ್ರೊಫೆಸರು ಪುಸ್ತಕ ಕಲಿಸಿದ್ರು,” ಎಂದರು. “ಕೈ ಕಲಿಸಿದಾಕಿ ಆಕಿ. ಒಂದು ವರ್ಷ ಬಾಜೂಕ ನಿಂತು.”

“ಇಷ್ಟ್ ವರ್ಷದಾಗ ನನಗ ಹೇಳಿಲ್ಲಲ್ರೀ,” ಎಂದರು ಆಂಟಿ.

ಡಿಬೇಟಿನಲ್ಲಾದರೆ ಇಲ್ಲಿಗೆ ಆಟ ಮುಗಿಯಿತು. ‘ಹಾಗಾದರೆ ಅದು ನರ್ಸಿನ ಕೆಲಸವೇ ಆಯಿತಲ್ಲ’ ಎಂಬ ಗೆಲ್ಲುವ ವಾಕ್ಯ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಿಲ್ಲ. ಅಮ್ಮ ನಂಬದಿರುವುದು ಈ ಭಾಗವನ್ನೇ. ಅಂಕಲ್ ಮತ್ತೆ ಮಲಗಿ, “ಹಿಡಿ,” ಎಂದರು. ಕಿರುಬೆರಳನ್ನು ಹೇಳಿದ ಜಾಗದಲ್ಲಿಟ್ಟು ಎತ್ತಿದೆ. ಮೂಳೆ ಸಲೀಸಾಗಿ ಮೇಲೆ ಬಂತು. ಬಟ್ಟಲು ತೆಗೆದಾಗ ಅವರ ಉಸಿರಿಗೆ ಅದರ ಒಳಗೆಲ್ಲ ಮಂಜು ಕಟ್ಟಿತ್ತು.

“ಹಾಂ. ಈಗ ಸರಿ.”

ಪತ್ರವನ್ನು ಅವತ್ತೇ ಎರಡು ಬೆರಳಲ್ಲಿ ಟೈಪ್ ಮಾಡಿದರು. ‘ನನಗೆ ಈ ಕೆಲಸ ಕಲಿಸಿದ್ದು ಒಬ್ಬ ನರ್ಸ್’ ಎಂಬುದು ಅದರ ಕೊನೆಯ ಸಾಲು. ಆ ಸಾಲನ್ನು ಒಮ್ಮೆ ಅಳಿಸಿ ಮತ್ತೆ ಬರೆದದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ.

ಇಂಟರ್‌ವ್ಯೂನಲ್ಲಿ ಮೊದಲು ಕೇಳಿದ್ದು ಆ ಸಾಲಿನ ಬಗ್ಗೆಯೇ. ಇಷ್ಟು ವಾದಿಸುವ ನಾನು ಅವರಿಗೆ ಬಟ್ಟಲಿನ ಕಥೆ ಹೇಳಿದೆ, ಅಷ್ಟೆ. ಸೀಟು ಸಿಕ್ಕಿತು. ಸಿಗುವುದರಲ್ಲಿ ನನಗೆ ಅನುಮಾನವಿರಲಿಲ್ಲ.

ಅಂಕಲ್‌ಗೆ ಫೋನ್ ಮಾಡಿದೆ. “ಡಾಕ್ಟರ್ ಸಾಹೇಬ್ರ!” ಎಂದರು, ಈ ಸಲ ಅದರಲ್ಲಿ ಕೊಂಕು ಇರಲಿಲ್ಲ. ಖುಷಿಯ ಮಾತೆಲ್ಲ ಮುಗಿದ ಮೇಲೆ, ಅವತ್ತು ನುಂಗಿಕೊಂಡಿದ್ದ ಇನ್ನೊಂದು ಪ್ರಶ್ನೆಯನ್ನು ಕೇಳಿಯೇಬಿಟ್ಟೆ.

“ಅಂಕಲ್, ಆ ಸಿಸ್ಟರ್‌ಗೂ ಇಂಥದ್ದೊಂದು ಪತ್ರ ಬೇಕಿತ್ತಾ ಅಂತ ನೀವು ಯಾವತ್ತಾದ್ರೂ ಕೇಳಿದ್ರಾ?”